ಹುಲ್ಲಿನ ಜೊತೆ ಮಣ್ಣೂ ಹೊಟ್ಟೆಗೆ: ಗೋಮಾಳದಲ್ಲಿ ವಿಷಲೋಹ ಇದೆಯಾ ಅಂತ ನೋಡುವುದು ಹೇಗೆ?

"ಗೋಮಾಳದ ಮೇಲ್ಗಡೆ ಗಣಿ ಇದೆ. ಮಳೆ ಬಂದರೆ ಕೆಂಪು ನೀರು ಇಳಿಯುತ್ತೆ. ಅಲ್ಲಿ ದನ ಮೇಯಿಸಬಹುದಾ?" ಹೊಳಲ್ಕೆರೆ, ಹೊಸದುರ್ಗದ ಕಡೆಯಿಂದ ಈ ಪ್ರಶ್ನೆ ಬರುತ್ತಲೇ ಇರುತ್ತದೆ. ದಾವಣಗೆರೆ ಕಡೆಯವರು ಹೈವೇ ಬದಿಯ ಹುಲ್ಲಿನ ಬಗ್ಗೆ ಕೇಳುತ್ತಾರೆ. ಚನ್ನಗಿರಿಯವರಿಗೆ ಅಡಿಕೆ ತೋಟದೊಳಗೆ ಕುರಿ ಬಿಡಬಹುದಾ ಎಂಬ ಚಿಂತೆ. ಮೂರಕ್ಕೂ ಒಂದೊಂದು ಸಾಲಿನ ಉತ್ತರ ಕೊಡಲು ಆಗುವುದಿಲ್ಲ. ಆದರೆ ಉತ್ತರ ಹುಡುಕುವ ದಾರಿ ಒಂದೇ. ಅದನ್ನೇ ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ.

ಶುರು ಮಾಡುವ ಮುಂಚೆ ಒಂದು ವಿಷಯ ತಲೆಯಲ್ಲಿರಲಿ. ಸೀಸದಂಥ ಲೋಹ ಹುಲ್ಲಿನ ಬೇರಿನಲ್ಲೇ ನಿಂತುಬಿಡುತ್ತದೆ, ಎಲೆಗೆ ಏರುವುದು ಬಹಳ ಕಡಿಮೆ. ಹಾಗಾದರೆ ದನದ ಹೊಟ್ಟೆಗೆ ಹೇಗೆ ಹೋಗುತ್ತದೆ? ದನ ಮಣ್ಣನ್ನೇ ತಿನ್ನುತ್ತದೆ. ಹುಲ್ಲಿಗೆ ಅಂಟಿದ ಧೂಳು, ಬೇರು ಸಮೇತ ಕಿತ್ತು ಬಂದ ಮಣ್ಣು, ಮಳೆಗೆ ಸಿಡಿದ ಕೆಸರು, ಎಲ್ಲವೂ ಬಾಯಿಗೆ. ಇಂಗ್ಲೆಂಡಿನ ಹಳೆಯ ಗಣಿ ಸೀಮೆಯಲ್ಲಿ ಅಳೆದು ನೋಡಿದಾಗ, ದನ ತಿನ್ನುವ ಒಣ ಆಹಾರದಲ್ಲಿ ಶೇ 1ರಿಂದ 18ರವರೆಗೆ ಮಣ್ಣೇ ಇತ್ತು. ಕುರಿಯದು ಶೇ 30ರವರೆಗೆ ಹೋಗಿತ್ತು. ಅದು ಹಸಿರು ಸೀಮೆಯ ಲೆಕ್ಕ. ನಮ್ಮ ಚಳ್ಳಕೆರೆ, ಮೊಳಕಾಲ್ಮೂರಿನ ಕಡೆ ಏಪ್ರಿಲ್ ತಿಂಗಳಲ್ಲಿ ಕುರಿ ನೆಲ ಕೆರೆಯುವುದನ್ನು ನೋಡಿದವರಿಗೆ ಬಿಡಿಸಿ ಹೇಳಬೇಕಿಲ್ಲ.

1. ಮನೆಯಲ್ಲೇ ಒಂದು ಪರೀಕ್ಷೆ ಮಾಡಿ

ದುಡ್ಡು ಖರ್ಚು ಮಾಡುವ ಮುಂಚೆ ಇದನ್ನು ಮಾಡಿ. ದನ ಮೇಯುವ ಜಾಗದಲ್ಲಿ, ದನ ಕಚ್ಚುವ ಎತ್ತರಕ್ಕೇ ಒಂದು ಹಿಡಿ ಹುಲ್ಲು ಕೊಯ್ಯಿರಿ. ಬಿಳಿ ಪ್ಲಾಸ್ಟಿಕ್ ಬೇಸಿನ್ನಿಗೆ ನೀರು ಹಾಕಿ, ಹುಲ್ಲನ್ನು ಚೆನ್ನಾಗಿ ಅಲುಗಾಡಿಸಿ ತೆಗೆಯಿರಿ. ಅರ್ಧ ಗಂಟೆ ಬಿಡಿ. ನೀರು ಮೆಲ್ಲಗೆ ಬಸಿದರೆ ತಳದಲ್ಲಿ ಏನು ಕೂತಿದೆ ಅಂತ ಕಾಣುತ್ತದೆ. ಮಳೆ ಬಿದ್ದ ಮಾರನೇ ದಿನ ಒಂದು ಸಲ, ಬೇಸಿಗೆಯಲ್ಲಿ ಒಂದು ಸಲ ಮಾಡಿ ನೋಡಿ.

ಸಗಣಿಯನ್ನೂ ಹೀಗೇ ನೋಡಬಹುದು. ಒಂದು ಹಿಡಿ ಹಸಿ ಸಗಣಿಯನ್ನು ಬಕೆಟ್ ನೀರಿನಲ್ಲಿ ಕಲಸಿ, ನಾರು ತೇಲಿಸಿ ಚೆಲ್ಲಿ. ಎರಡು ಮೂರು ಸಲ ಹೀಗೆ ಮಾಡಿದರೆ ಕೊನೆಗೆ ಮರಳು ಉಳಿಯುತ್ತದೆ. ಬೆರಳಿನಲ್ಲಿ ಉಜ್ಜಿದರೆ ಗರಗರ ಅನ್ನುತ್ತದೆ. ದನ ಎಷ್ಟು ಮಣ್ಣು ತಿನ್ನುತ್ತಿದೆ ಎಂಬ ಅಂದಾಜು ಇದರಿಂದ ಸಿಗುತ್ತದೆ. ವಿಷ ಇದೆಯೋ ಇಲ್ಲವೋ ಎನ್ನುವುದು ಸಿಗುವುದಿಲ್ಲ, ಅದು ಲ್ಯಾಬ್ ಕೆಲಸ.

2. ಮೂಲ ಎಲ್ಲಿದೆ? ಮೊದಲು ಹಿತ್ತಲು ನೋಡಿ

ಎಲ್ಲರ ಕಣ್ಣೂ ಗಣಿಯ ಮೇಲೆ. ನನ್ನನ್ನು ಕೇಳಿದರೆ ಮೊದಲು ನೋಡಬೇಕಾದ್ದು ತಿಪ್ಪೆ ಪಕ್ಕದ ಹಳೇ ಟ್ರ್ಯಾಕ್ಟರ್ ಬ್ಯಾಟರಿ. ದನಗಳಲ್ಲಿ ಇದ್ದಕ್ಕಿದ್ದಂತೆ ಬರುವ ಸೀಸದ ವಿಷಕ್ಕೆ ದೊಡ್ಡ ಕಾರಣಗಳಲ್ಲಿ ಒಡೆದ ಬ್ಯಾಟರಿ ಒಂದು. ಒಳಗಿನ ತಟ್ಟೆಗಳನ್ನು ಕರುಗಳು ಇಷ್ಟಪಟ್ಟು ನೆಕ್ಕುತ್ತವೆ. ಹಳೇ ಎಂಜಿನ್ ಆಯಿಲ್, ಗ್ರೀಸ್, ಬಣ್ಣದ ಡಬ್ಬ, ಸುಟ್ಟ ಕಸದ ಬೂದಿಯನ್ನೂ ಇದೇ ಪಟ್ಟಿಗೆ ಸೇರಿಸಿ.

ಕಾರ ಹುಣ್ಣಿಮೆಗೆ ಕೊಂಬಿಗೆ ಬಣ್ಣ ಹಚ್ಚುವವರು ಡಬ್ಬದ ಮೇಲಿನ ಅಕ್ಷರ ಓದಿ. ಮನೆಗೆ ಬಳಿಯುವ ಬಣ್ಣದಲ್ಲಿ ಸೀಸ 90 ಪಿಪಿಎಂ ದಾಟಬಾರದು ಎಂಬ ನಿಯಮ 2017ರ ನವೆಂಬರ್‌ನಿಂದ ಜಾರಿಯಲ್ಲಿದೆ. (ಪಿಪಿಎಂ ಅಂದರೆ ಒಂದು ಕೆಜಿಯಲ್ಲಿ ಒಂದು ಮಿಲಿಗ್ರಾಂ.) ಕಾರ್ಖಾನೆ ಕೆಲಸದ ಬಣ್ಣಕ್ಕೆ ಈ ನಿಯಮ ಇಲ್ಲ. ಅಟ್ಟದ ಮೇಲೆ ಉಳಿದ ಹಳೇ ಡಬ್ಬವಂತೂ ಬೇಡವೇ ಬೇಡ. ಒಂದರ ಕೊಂಬನ್ನು ಇನ್ನೊಂದು ನೆಕ್ಕುತ್ತದೆ, ಅಲ್ವಾ?

ಹೈವೇ ವಿಷಯಕ್ಕೆ ಬರೋಣ. ದೇಶದಲ್ಲಿ ಸೀಸ ಬೆರೆಸಿದ ಪೆಟ್ರೋಲ್ ನಿಂತದ್ದು 2000ದಲ್ಲಿ. ಆದರೆ ಮಣ್ಣಿಗೆ ಬಿದ್ದ ಸೀಸ ಕೊಳೆಯುವುದಿಲ್ಲ, ಕರಗಿ ಹೋಗುವುದೂ ಇಲ್ಲ. ಹಿರಿಯೂರು, ಚಿತ್ರದುರ್ಗ, ದಾವಣಗೆರೆ, ಹರಿಹರ ಹಾದು ಹೋಗುವ ಹೆದ್ದಾರಿಯ ಅಂಚಿನ ಹತ್ತಾರು ಮೀಟರ್ ಜಾಗವನ್ನು ಮೇವಿಗೆ ಬಳಸದಿರುವುದೇ ವಾಸಿ. ಟೈರಿನ ಪುಡಿಯಿಂದ ಸತು, ಬ್ರೇಕಿನ ಧೂಳಿನಿಂದ ತಾಮ್ರ ಈಗಲೂ ಅಲ್ಲಿ ಬೀಳುತ್ತಲೇ ಇರುತ್ತವೆ.

ಇನ್ನು ಗಣಿ. ಚಿತ್ರದುರ್ಗದ ಪಕ್ಕದ ಇಂಗಳದಾಳಿನಲ್ಲಿ ತಾಮ್ರ ತೆಗೆಯುತ್ತಿದ್ದರು. ತಾಮ್ರದ ಅದಿರು ಗಂಧಕದ ಜೊತೆ ಇರುವಂಥದ್ದು. ಅಂಥ ಕಲ್ಲುಪುಡಿಗೆ ಗಾಳಿ, ನೀರು ತಾಗಿದರೆ ಆಮ್ಲ ಹುಟ್ಟುತ್ತದೆ, ಆಮ್ಲ ಲೋಹವನ್ನು ಬಿಡಿಸಿ ನೀರಿಗೆ ಹರಿಸುತ್ತದೆ. ಆದ್ದರಿಂದ ಯಾವುದೇ ತಾಮ್ರದ ಗಣಿಯ ಹಳೇ ಗುಡ್ಡೆ ಇದ್ದರೂ ಅದರ ಕೆಳಗಿನ ಹಳ್ಳದ ದಂಡೆಯನ್ನು ಪರೀಕ್ಷೆ ಮಾಡಿಸದೆ ಮೇಯಿಸಬೇಡಿ.

ಕಬ್ಬಿಣದ ಗಣಿಯದು ಬೇರೆ ಕಥೆ. ಕೆಂಪು ಧೂಳು ನೋಡಲು ಭಯ ಹುಟ್ಟಿಸುತ್ತದೆ, ಆದರೆ ಕಬ್ಬಿಣ ಸೀಸದಂಥ ವಿಷವಲ್ಲ. ಅದರ ಕಿತಾಪತಿ ಅಂದರೆ, ಮೇವಿನಲ್ಲಿ ಕಬ್ಬಿಣ ಜಾಸ್ತಿಯಾದರೆ ದನದ ಮೈಗೆ ತಾಮ್ರ ಹತ್ತುವುದಿಲ್ಲ. ಕೂದಲು ಮಾಸಿ ಒರಟಾಗುತ್ತದೆ, ಕಣ್ಣಿನ ಸುತ್ತ ಬಣ್ಣ ಹೋಗಿ ಕನ್ನಡಕ ಹಾಕಿದಂತೆ ಕಾಣುತ್ತದೆ, ಬೆದೆಗೆ ಬರುವುದು ತಡವಾಗುತ್ತದೆ. ಅಂದರೆ ಒಂದೇ ಜಿಲ್ಲೆಯಲ್ಲಿ ಒಂದು ಕಡೆ ತಾಮ್ರ ಹೆಚ್ಚಾಗುವ ಭಯ, ಇನ್ನೊಂದು ಕಡೆ ಕಡಿಮೆಯಾಗುವ ಭಯ. ಪರೀಕ್ಷೆ ಇಲ್ಲದೆ ಔಷಧ ಹಾಕಬೇಡಿ ಅನ್ನುವುದು ಇದಕ್ಕೇ.

3. ಕುರಿ ಇರುವವರು ಇದನ್ನು ಬಿಡದೆ ಓದಿ

ಕುರಿಗೆ ತಾಮ್ರ ಆಗಿಬರುವುದಿಲ್ಲ. ದನ ತಡೆಯುವಷ್ಟು ತಾಮ್ರ ಕುರಿಯನ್ನು ಕೊಲ್ಲುತ್ತದೆ. ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿ 2005ರಲ್ಲಿ ಕೊಟ್ಟ ಮಿತಿ ಹೀಗಿದೆ: ಒಣ ಮೇವಿನಲ್ಲಿ ದನಕ್ಕೆ 40 ಪಿಪಿಎಂ, ಕುರಿಗೆ 15.

ಮೋಸ ಎಲ್ಲಿದೆ ಅಂದರೆ, ಏನೂ ತಿಳಿಯುವುದಿಲ್ಲ. ತಾಮ್ರ ತಿಂಗಳುಗಟ್ಟಲೆ ಈಲಿಯಲ್ಲಿ (ಲಿವರ್‌ನಲ್ಲಿ) ಸೇರಿಕೊಳ್ಳುತ್ತಾ ಹೋಗುತ್ತದೆ. ಕುರಿ ಗಟ್ಟಿಯಾಗೇ ಇರುತ್ತದೆ. ಒಂದು ದಿನ ಸಂತೆಗೆ ಸಾಗಿಸಿದಾಗಲೋ, ಉಣ್ಣೆ ಕತ್ತರಿಸಿದಾಗಲೋ, ಜೋರು ಮಳೆಗೆ ಸಿಕ್ಕಾಗಲೋ ಈಲಿ ಒಮ್ಮೆಲೇ ಅಷ್ಟನ್ನೂ ರಕ್ತಕ್ಕೆ ಬಿಡುತ್ತದೆ. ರಕ್ತಕಣ ಒಡೆಯುತ್ತವೆ. ಕಣ್ಣು ಹಳದಿ, ಮೂತ್ರ ಕಂದುಗೆಂಪು. ಒಂದೆರಡು ದಿನದಲ್ಲಿ ಸಾವು. "ನಿನ್ನೆವರೆಗೂ ಚೆನ್ನಾಗಿತ್ತು" ಅಂತ ಎಲ್ಲರೂ ಹೇಳುತ್ತಾರೆ. ಹೌದು, ನಿನ್ನೆವರೆಗೂ ಚೆನ್ನಾಗೇ ಇರುತ್ತದೆ.

ನಮ್ಮ ಕಡೆ ತಾಮ್ರ ಬರುವ ದಾರಿಗಳು ಇವು. ಅಡಿಕೆಗೂ ದಾಳಿಂಬೆಗೂ ಹೊಡೆಯುವ ಬೋರ್ಡೋ ದ್ರಾವಣ. ಶೇ 1ರ ದ್ರಾವಣ ಅಂದರೆ 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ. ಮೈಲುತುತ್ತದ ತೂಕದಲ್ಲಿ ಕಾಲು ಭಾಗ ತಾಮ್ರ. ವರ್ಷಾನುಗಟ್ಟಲೆ ಹೊಡೆದ ತೋಟದ ಮೇಲ್ಮಣ್ಣಿನಲ್ಲಿ ಅದು ಉಳಿದಿರುತ್ತದೆ. ಅಲ್ಲೇ ನಾವು ಗೊಬ್ಬರಕ್ಕೆಂದು ಕುರಿ ಮಂದೆ ನಿಲ್ಲಿಸುತ್ತೇವೆ. ಒಂದೆರಡು ರಾತ್ರಿಯಿಂದ ಏನೂ ಆಗಲಿಕ್ಕಿಲ್ಲ. ಆದರೆ ಔಷಧಿ ಹೊಡೆದ ಬೆನ್ನಿಗೇ ಬಿಟ್ಟರೆ, ಅಥವಾ ತಿಂಗಳುಗಟ್ಟಲೆ ಅಲ್ಲೇ ಮೇಯಿಸಿದರೆ ಕಷ್ಟ.

ಎರಡನೆಯದು ಗೊರಸು ಕೊಳೆಗೆ ಮಾಡುವ ಮೈಲುತುತ್ತದ ನೀರು. ತೊಟ್ಟಿಯಲ್ಲಿ ಬಿಟ್ಟು ಹೋದರೆ ಬಾಯಾರಿದ ಕುರಿ ಕುಡಿಯುತ್ತದೆ. ಮೂರನೆಯದು ದನದ ಖನಿಜ ಮಿಶ್ರಣ. ಚೀಲದ ಮೇಲೆ ಹಸುವಿನ ಚಿತ್ರ ಇದ್ದರೆ ಅದು ಹಸುವಿಗೇ. ಕುರಿಗೆ ಅಂತಲೇ ಮಾಡಿದ, ತಾಮ್ರ ಹಾಕದ ಮಿಶ್ರಣ ಕೇಳಿ ತನ್ನಿ.

4. ಮಣ್ಣಿನ ಮಾದರಿ ತೆಗೆಯುವುದು

ಗೊಬ್ಬರ ಲೆಕ್ಕಕ್ಕೆ ಮಣ್ಣು ಪರೀಕ್ಷೆ ಮಾಡಿಸಿ ಗೊತ್ತಿರುವವರೇ ಇಲ್ಲಿ ಎಡವುತ್ತಾರೆ. ಆ ಪರೀಕ್ಷೆಗೆ 15 ಸೆಂಟಿಮೀಟರ್ ಆಳದವರೆಗೆ ತೆಗೆಯುತ್ತೀರಿ. ದನ 15 ಸೆಂಟಿಮೀಟರ್ ಆಳದ ಮಣ್ಣು ತಿನ್ನುವುದಿಲ್ಲ. ಗೋಮಾಳದಲ್ಲಿ ಮೇಲಿನ 5 ಸೆಂಟಿಮೀಟರ್ ಮಾತ್ರ ತೆಗೆಯಿರಿ, ಸುಮಾರು ಮೂರು ಬೆರಳಿನ ಅಗಲ. ಆಳಕ್ಕೆ ಹೋದಷ್ಟೂ ಒಳಗಿನ ಒಳ್ಳೆ ಮಣ್ಣು ಬೆರೆತು ಲೆಕ್ಕ ಕಡಿಮೆ ತೋರಿಸುತ್ತದೆ.

ಕಲಾಯಿ ಬಕೆಟ್, ಬಣ್ಣ ಬಳಿದ ಸಲಿಕೆ, ತುಕ್ಕು ಹಿಡಿದ ಬಾಂಡ್ಲಿ ಬೇಡ. ಕಲಾಯಿ ತಗಡಿನ ಮೇಲೆ ಇರುವುದೇ ಸತು. ಸ್ಟೀಲ್ ಚಮಚ, ಪ್ಲಾಸ್ಟಿಕ್ ಬಕೆಟ್ ಸಾಕು.

ಮೇಯುವ ಜಾಗದಲ್ಲಿ ಅಂಕುಡೊಂಕಾಗಿ ನಡೆಯುತ್ತಾ 15-20 ಕಡೆ ಮಣ್ಣು ತೆಗೆದು ಒಂದೇ ಬಕೆಟ್ಟಿಗೆ ಹಾಕಿ. ಕಲ್ಲು, ಬೇರು ತೆಗೆದು ಕಲಸಿ. ಪ್ಲಾಸ್ಟಿಕ್ ಹಾಳೆಯ ಮೇಲೆ ಹರಡಿ, ನಾಲ್ಕು ಪಾಲು ಮಾಡಿ, ಎದುರುಬದುರಿನ ಎರಡು ಪಾಲು ಚೆಲ್ಲಿ. ಅರ್ಧ ಕೆಜಿ ಉಳಿಯುವವರೆಗೆ ಹೀಗೇ ಮಾಡಿ. ನೆರಳಲ್ಲಿ ಒಣಗಿಸಿ.

ತಿಪ್ಪೆ ಜಾಗ, ಕಸ ಸುಟ್ಟ ಜಾಗ, ಹೈಟೆನ್ಷನ್ ಕಂಬದ ಬುಡದ ಮಣ್ಣನ್ನು ಇದಕ್ಕೆ ಸೇರಿಸಬೇಡಿ. ಅನುಮಾನ ಇದ್ದರೆ ಅವುಗಳದ್ದು ಬೇರೆ ಚೀಲ. ಗಣಿ ಕಡೆಯಿಂದ ಬರುತ್ತಿದೆ ಅನಿಸಿದರೆ ಗುಡ್ಡೆಯಿಂದ 10, 50, 100, 500 ಮೀಟರ್ ದೂರದಲ್ಲಿ ಬೇರೆ ಬೇರೆ ಮಾದರಿ ತೆಗೆಯಿರಿ. ದೂರ ಹೋದಂತೆ ಇಳಿಯುತ್ತಾ ಬಂದರೆ ಮೂಲ ಅದೇ.

ಹೋಲಿಕೆಗೆ ಇನ್ನೊಂದು ಮಾದರಿ ತೆಗೆಯಲು ಮರೆಯಬೇಡಿ. ಗಣಿ, ರಸ್ತೆ, ತೋಟ ಯಾವುದೂ ಹತ್ತಿರ ಇಲ್ಲದ, ಆದರೆ ಅದೇ ಬಗೆಯ ಮಣ್ಣಿರುವ ಜಾಗದ್ದು. ಚಿತ್ರದುರ್ಗದ ನೆಲದಡಿ ಇರುವುದು ತುಂಬಾ ಹಳೆಯ ಲಾವಾ ಬಂಡೆ. ಮರಡಿಹಳ್ಳಿಯ ದಿಂಬಿನಾಕಾರದ ಲಾವಾ ಕಲ್ಲುಗಳನ್ನು ನೀವೂ ನೋಡಿರಬಹುದು. ಅಂಥ ಕಲ್ಲಿನಿಂದಾದ ಮಣ್ಣಿನಲ್ಲಿ ನಿಕ್ಕಲ್, ಕ್ರೋಮಿಯಂ ಹುಟ್ಟಿನಿಂದಲೇ ಸ್ವಲ್ಪ ಜಾಸ್ತಿ ಇರುತ್ತವೆ. ಹೋಲಿಕೆ ಮಾದರಿ ಇಲ್ಲದೆ ವರದಿ ನೋಡಿದರೆ ಸುಮ್ನೆ ಗಾಬರಿ.

5. ಮೇವಿನ ಮಾದರಿ, ನೀರಿನ ಮಾದರಿ

ಅದೇ ಜಾಗದ ಹುಲ್ಲು, ದನ ಕಚ್ಚುವ ಎತ್ತರಕ್ಕೇ, ಸ್ಟೀಲ್ ಕತ್ತರಿಯಿಂದ. ಒಂದು ಕೆಜಿ ಹಸಿ ಹುಲ್ಲು ತೆಗೆದು ಎರಡು ಪಾಲು ಮಾಡಿ. ಒಂದನ್ನು ಹಾಗೇ ಇಡಿ. ಇನ್ನೊಂದನ್ನು ಬ್ಯಾಟರಿ ಅಂಗಡಿಯಲ್ಲಿ ಸಿಗುವ ಡಿಸ್ಟಿಲ್ಡ್ ವಾಟರಿನಲ್ಲಿ ತೊಳೆಯಿರಿ. ಎರಡನ್ನೂ ಕಾಗದದ ಚೀಲದಲ್ಲಿ ಹಾಕಿ ಒಣಗಿಸಿ. ಪ್ಲಾಸ್ಟಿಕ್ ಚೀಲದಲ್ಲಿ ಬೆವೆತು ಬೂಷ್ಟು ಹಿಡಿಯುತ್ತದೆ.

ಎರಡು ಪಾಲು ಏಕೆ? ತೊಳೆಯದ್ದರಲ್ಲಿ ಸೀಸ ಹೆಚ್ಚು, ತೊಳೆದದ್ದರಲ್ಲಿ ಕಡಿಮೆ ಬಂದರೆ ಅದು ಅಂಟಿದ ಧೂಳು. ಅದಕ್ಕೆ ಪರಿಹಾರ ಸುಲಭ. ಎರಡರಲ್ಲೂ ಸಮನಾಗಿ ಬಂದರೆ ಗಿಡವೇ ಹೀರಿಕೊಂಡಿದೆ. ಕ್ಯಾಡ್ಮಿಯಂ ಹೀಗೆ ಎಲೆಗೆ ಏರುವ ಲೋಹ.

ಹಳ್ಳದ ನೀರು, ಕಟ್ಟೆ ನೀರು ಕುಡಿಸುವುದಾದರೆ ಅದೂ ಒಂದು ಬಾಟಲಿ. ಜಾನುವಾರು ಕುಡಿಯುವ ನೀರಿಗೆ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಕೊಟ್ಟ ಮಿತಿ ಲೀಟರಿಗೆ ಸೀಸ 0.1, ಕ್ಯಾಡ್ಮಿಯಂ 0.05, ಆರ್ಸೆನಿಕ್ 0.2, ತಾಮ್ರ 0.5 ಮಿಲಿಗ್ರಾಂ.

6. ಲ್ಯಾಬಿನಲ್ಲಿ ಕೇಳಬೇಕಾದ್ದು

"ನಮ್ಮತ್ರ ಮಣ್ಣು ಆರೋಗ್ಯ ಚೀಟಿ ಇದೆ, ತಾಮ್ರ ನಾರ್ಮಲ್ ಅಂತ ಬಂದಿದೆ." ಇದನ್ನು ಬಹಳ ಜನ ಹೇಳುತ್ತಾರೆ. ಆ ಚೀಟಿಯಲ್ಲಿ 12 ಅಂಶಗಳಿರುತ್ತವೆ. ಸೀಸ, ಕ್ಯಾಡ್ಮಿಯಂ, ಆರ್ಸೆನಿಕ್ ಅದರಲ್ಲಿ ಇಲ್ಲವೇ ಇಲ್ಲ. ತಾಮ್ರ, ಸತು ಇವೆ. ಆದರೆ ಅದು ಗಿಡಕ್ಕೆ ಸಿಗುವಷ್ಟರ ಲೆಕ್ಕ. ದನದ ಹೊಟ್ಟೆಗೆ ಹೋಗುವುದು ಇಡೀ ಮಣ್ಣು. ಹಾಗಾಗಿ ನಿಮಗೆ ಬೇಕಾದ್ದು "ಒಟ್ಟು ಲೋಹ". ಆಮ್ಲದಲ್ಲಿ ಮಣ್ಣು ಕರಗಿಸಿ, ಐಸಿಪಿ-ಎಂಎಸ್ ಅಥವಾ ಎಎಎಸ್ ಎಂಬ ಯಂತ್ರದಲ್ಲಿ ಅಳೆಯುವ ಪರೀಕ್ಷೆ ಅದು.

ಎನ್‌ಎಬಿಎಲ್ (ಲ್ಯಾಬ್‌ಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇರುವ ಲ್ಯಾಬ್ ಆರಿಸಿ. ಮಾನ್ಯತೆ ನಿಮ್ಮ ಪರೀಕ್ಷೆಗೇ ಇದೆಯಾ ಅಂತ ಕೇಳಿ, ಕೆಲವು ಲ್ಯಾಬಿಗೆ ನೀರಿಗೆ ಮಾತ್ರ ಇರುತ್ತದೆ. ಸೀಸ, ಕ್ಯಾಡ್ಮಿಯಂ, ಆರ್ಸೆನಿಕ್, ತಾಮ್ರ, ಸತು, ಕಬ್ಬಿಣ, ಮಾಲಿಬ್ಡಿನಂ ಕೇಳಿ. ಮಾಲಿಬ್ಡಿನಂ ಏಕೆ ಅಂದರೆ, ಅದು ಕಡಿಮೆ ಇದ್ದ ಕಡೆ ಕುರಿಗೆ ತಾಮ್ರದ ವಿಷ ಬೇಗ ಏರುತ್ತದೆ, ಜಾಸ್ತಿ ಇದ್ದ ಕಡೆ ದನಕ್ಕೆ ತಾಮ್ರ ಸಾಲದೆ ಬರುತ್ತದೆ. ಮೇವಿಗೆ ಟೈಟಾನಿಯಂ ಕೂಡ ಸೇರಿಸಿದರೆ ಒಳ್ಳೆಯದು. ಗಿಡದಲ್ಲಿ ಅದು ಹೆಚ್ಚುಕಡಿಮೆ ಇರುವುದಿಲ್ಲ, ಮಣ್ಣಿನಲ್ಲಿ ಧಾರಾಳ. ವರದಿಯಲ್ಲಿ ಕಂಡರೆ ಹುಲ್ಲಿನ ಮೇಲೆ ಮಣ್ಣಿದೆ ಅಂತಲೇ ಅರ್ಥ. ಫಲಿತಾಂಶ ಒಣ ತೂಕದ ಮೇಲೆ ಕೊಡಲು ಹೇಳಿ, ಅಂದರೆ ನೀರಿನ ಅಂಶ ತೆಗೆದ ಮೇಲಿನ ಲೆಕ್ಕ.

ಯಾವ ಲ್ಯಾಬ್ ಅಂತ ತಿಳಿಯದಿದ್ದರೆ ಹಿರಿಯೂರಿನ ಬಬ್ಬೂರು ಫಾರಂನಲ್ಲಿ, ದಾವಣಗೆರೆಯಲ್ಲಿ ಕೃಷಿ ವಿಜ್ಞಾನ ಕೇಂದ್ರಗಳಿವೆ. ಅಲ್ಲಿ ವಿಚಾರಿಸಿ.

ಖರ್ಚಿನ ಬಗ್ಗೆ ಒಂದು ಮಾತು. ಗೋಮಾಳ ನಿಮ್ಮೊಬ್ಬರದಲ್ಲ, ಪರೀಕ್ಷೆಯ ಖರ್ಚನ್ನು ನೀವೊಬ್ಬರೇ ಹೊರಬೇಕಿಲ್ಲ. ಗಣಿ ಬಾಧಿತ ಊರುಗಳಿಗಾಗಿ 2015ರ ಕಾನೂನು ತಿದ್ದುಪಡಿಯಿಂದ ಜಿಲ್ಲಾ ಖನಿಜ ಪ್ರತಿಷ್ಠಾನಗಳು ಬಂದಿವೆ. ಮಾಲಿನ್ಯ ತಡೆ, ಪರಿಸರ ರಕ್ಷಣೆ ಅದರ ಹಣ ಬಳಸಬೇಕಾದ ಮುಖ್ಯ ಕೆಲಸಗಳಲ್ಲಿ ಸೇರಿವೆ. ಗ್ರಾಮಸಭೆಯಲ್ಲಿ ನಿರ್ಣಯ ಮಾಡಿಸಿ ಅರ್ಜಿ ಕೊಡಿ.

7. ವರದಿ ಓದುವುದು: ಒಂದು ಲೆಕ್ಕ

ಮಣ್ಣಿಗೆ ಯುರೋಪಿನ 1986ರ ನಿಯಮದ ಅಂಕಿ ಬಳಸಬಹುದು. ಕೊಳಚೆ ಗೊಬ್ಬರ ಹಾಕುವ ಹೊಲದ ಮಣ್ಣಿಗೆ ಇಟ್ಟ ಮಿತಿ ಅದು: ಸೀಸ 50-300, ಕ್ಯಾಡ್ಮಿಯಂ 1-3, ತಾಮ್ರ 50-140, ಸತು 150-300 ಪಿಪಿಎಂ. ಇದನ್ನು ದಾಟಿದ ಮಾತ್ರಕ್ಕೆ ದನ ಸಾಯುತ್ತದೆ ಅಂತಲ್ಲ. ಹಾಗಾಗಿ ಹೊಟ್ಟೆಗೆ ಎಷ್ಟು ಹೋಗುತ್ತದೆ ಅಂತ ನೀವೇ ಲೆಕ್ಕ ಹಾಕಿ.

ದಿನಕ್ಕೆ 10 ಕೆಜಿ ಒಣ ಆಹಾರ ತಿನ್ನುವ ಹಸು ಅಂದುಕೊಳ್ಳಿ. ಅದರಲ್ಲಿ 1 ಕೆಜಿ ಮಣ್ಣು, 9 ಕೆಜಿ ಹುಲ್ಲು. ಮಣ್ಣಿನಲ್ಲಿ ಸೀಸ 200 ಪಿಪಿಎಂ, ತೊಳೆದ ಹುಲ್ಲಿನಲ್ಲಿ 3. ಮಣ್ಣಿನಿಂದ 200 ಮಿಲಿಗ್ರಾಂ, ಹುಲ್ಲಿನಿಂದ 27. ಒಟ್ಟು 227 ಮಿಲಿಗ್ರಾಂ, ಅಂದರೆ ಕೆಜಿಗೆ ಸುಮಾರು 23. ಹಸಿರು ಮೇವಿನಲ್ಲಿ ಸೀಸಕ್ಕೆ ಯುರೋಪಿನ ಮಿತಿ 30. ಒಳಗಡೆ ಇದೆ. ಮಣ್ಣಿನಲ್ಲಿ 1000 ಪಿಪಿಎಂ ಇದ್ದರೆ? ಕೆಜಿಗೆ 103 ಆಯಿತು. ಅಮೆರಿಕದ ಮಂಡಳಿ ದನಕ್ಕೆ ಹೇಳಿದ ಕೊನೆಯ ಮಿತಿ 100. ಅಲ್ಲಿ ಮೇಯಿಸುವ ಮಾತೇ ಇಲ್ಲ.

ಹುಲ್ಲಿನಿಂದ ಬಂದ 27 ಎಲ್ಲಿ, ಮಣ್ಣಿನಿಂದ ಬಂದ 200 ಎಲ್ಲಿ! ಬಾಯಿಗೆ ಹೋಗುವ ಮಣ್ಣು ಅರ್ಧವಾದರೆ ಸೀಸವೂ ಹತ್ತಿರಹತ್ತಿರ ಅರ್ಧಕ್ಕೆ ಇಳಿಯುತ್ತದೆ.

8. ಈಗ ಏನು ಮಾಡಬೇಕು

ಮಿತಿ ಮೀರಿದ ಜಾಗಕ್ಕೆ ಬೇಲಿ. ಇದಕ್ಕೆ ಬದಲಿ ಇಲ್ಲ.

ಸ್ವಲ್ಪ ಹೆಚ್ಚು, ಆದರೆ ತೀರಾ ಅಪಾಯ ಅಲ್ಲ ಅನ್ನುವ ಜಾಗದಲ್ಲಿ ಹುಲ್ಲು ಒಂದು ಗೇಣು ಬೆಳೆದ ಮೇಲೆ ಬಿಡಿ, ನಾಲ್ಕು ಬೆರಳು ಉಳಿದಾಗ ಎಬ್ಬಿಸಿ. ಜೋರು ಮಳೆ ಬಿದ್ದ ಮಾರನೇ ದಿನ ಬೇಡ. ಬೇಸಿಗೆಯಲ್ಲಿ ಜೋಳದ ಸಪ್ಪೆ, ಮೆಕ್ಕೆಜೋಳದ ಸಪ್ಪೆ, ಶೇಂಗಾ ಹೊಟ್ಟು ಏನಿದೆಯೋ ಅದನ್ನು ಗೋದಲಿಯಲ್ಲಿ ಕೊಡಿ, ನೆಲಕ್ಕೆ ಎಸೆಯಬೇಡಿ. ಶೇಂಗಾ ಹೊಟ್ಟನ್ನು ಜರಡಿ ಹಿಡಿಯಿರಿ. ನೆಲದಿಂದ ಕಿತ್ತ ಬೆಳೆ ಅದು, ಮಣ್ಣು ಇದ್ದೇ ಇರುತ್ತದೆ. ಉಪ್ಪು, ಖನಿಜ ಸಾಲದ ದನ ಮಣ್ಣು ನೆಕ್ಕುತ್ತದೆ. ಅದನ್ನು ಕೊಟ್ಟರೆ ಆ ಚಟ ಕಡಿಮೆಯಾಗುತ್ತದೆ.

ಸುಣ್ಣ ಹಾಕಿ ಅನ್ನುವ ಸಲಹೆ ನಿಮ್ಮ ಕಿವಿಗೂ ಬಿದ್ದಿರಬಹುದು. ಹುಳಿ ಮಣ್ಣಿನಲ್ಲಿ ಅದು ಸರಿ, ರಸಸಾರ ಏರಿದರೆ ಕ್ಯಾಡ್ಮಿಯಂ, ಸತು ಗಿಡಕ್ಕೆ ಏರುವುದು ತಗ್ಗುತ್ತದೆ. (ರಸಸಾರ ಅಂದರೆ ಹುಳಿ-ಕ್ಷಾರದ ಅಳತೆ, ಪಿಎಚ್.) ನಮ್ಮ ಎರೆ ಮಣ್ಣು ಮೊದಲೇ ಕ್ಷಾರ. ಅಲ್ಲಿ ಸುಣ್ಣ ಸುರಿದರೆ ದುಡ್ಡು ದಂಡ, ಮೇಲಾಗಿ ಮಾಲಿಬ್ಡಿನಂ ಏರುತ್ತದೆ. ಅದರ ಬದಲು ಕೊಟ್ಟಿಗೆ ಗೊಬ್ಬರ ಹಾಕಿ. ನಗರದ ಕಸದ ಕಾಂಪೋಸ್ಟ್ ತರಿಸುವವರು ಪರೀಕ್ಷಾ ವರದಿ ಕೇಳಿ: ರಸಗೊಬ್ಬರ ನಿಯಂತ್ರಣ ಆದೇಶದ ಪ್ರಕಾರ ಸೀಸ 100, ಕ್ಯಾಡ್ಮಿಯಂ 5 ಪಿಪಿಎಂ ದಾಟಬಾರದು.

9. ದನಕ್ಕೆ ಆಗಲೇ ಹುಷಾರಿಲ್ಲ ಅಂದರೆ

ಕರು ಕುರುಡಾದಂತೆ ನಡೆಯುವುದು, ಗೋಡೆಗೆ ತಲೆ ಒತ್ತಿ ನಿಲ್ಲುವುದು, ಹಲ್ಲು ಕಡಿಯುವುದು, ಕಿವಿ ಕಣ್ಣು ಅದುರುವುದು, ಜೊಲ್ಲು. ಸೀಸದ ಲಕ್ಷಣಗಳಿವು. ಆದರೆ ಹುಚ್ಚುನಾಯಿ ರೋಗದ ಲಕ್ಷಣಗಳೂ ಹೆಚ್ಚುಕಡಿಮೆ ಇವೇ. ಆದ್ದರಿಂದ ಬಾಯಿಗೆ ಕೈ ಹಾಕಬೇಡಿ, ಗೊಟ್ಟದಲ್ಲಿ ಔಷಧ ಕುಡಿಸಬೇಡಿ. ಬೇರೆ ಕಟ್ಟಿಹಾಕಿ, ಪಶುವೈದ್ಯ ಸಹಾಯವಾಣಿ 1962ಕ್ಕೆ ಫೋನ್ ಮಾಡಿ. ಬ್ಯಾಟರಿ, ಬಣ್ಣ, ಆಯಿಲ್ ಏನಾದರೂ ಸಿಕ್ಕಿತ್ತಾ ಅಂತ ಡಾಕ್ಟರಿಗೆ ನೀವಾಗಿಯೇ ಹೇಳಿ.

ಹೊಟ್ಟೆಗೆ ಮ್ಯಾಗ್ನೆಟ್ ಹಾಕಿಸಿದ್ದೇವೆ ಅಂತ ಧೈರ್ಯವಾಗಿರಬೇಡಿ. ಅದು ತಂತಿ, ಮೊಳೆ ಹಿಡಿಯುತ್ತದೆ. ಸೀಸ ಮ್ಯಾಗ್ನೆಟ್ಟಿಗೆ ಅಂಟುವುದಿಲ್ಲ.

ಸೀಸ ತಿಂದ ಹಸುವಿನ ಹಾಲು ಡಾಕ್ಟರ್ ಹೇಳುವವರೆಗೂ ಡೇರಿಗೆ ಹಾಕಬೇಡಿ, ಮನೆ ಮಕ್ಕಳಿಗೂ ಕೊಡಬೇಡಿ. ಕಾಯಿಸಿದರೆ ಸೀಸ ಹೋಗುವುದಿಲ್ಲ. ಅನುಮಾನದ ಜಾಗದಲ್ಲಿ ವರ್ಷಾನುಗಟ್ಟಲೆ ಮೇಯ್ದ ಕುರಿ, ಮೇಕೆಯ ಈಲಿ ಮತ್ತು ಮೂತ್ರಪಿಂಡ ತಿನ್ನಬೇಡಿ. ಕ್ಯಾಡ್ಮಿಯಂ ಸೇರಿಕೊಳ್ಳುವುದು ಅಲ್ಲೇ.

ಪ್ರಾಣಿ ಸತ್ತರೆ ಹೂಳುವ ಮುಂಚೆ ಪೋಸ್ಟ್‌ಮಾರ್ಟಂ ಕೇಳಿ. ಲೋಹದ ಪರೀಕ್ಷೆಗೆ ಈಲಿ, ಮೂತ್ರಪಿಂಡದ ತುಂಡು ಮಂಜುಗಡ್ಡೆಯಲ್ಲಿ ಹೋಗಬೇಕು, ಫಾರ್ಮಲಿನ್‌ನಲ್ಲಿ ಅಲ್ಲ.

10. ಮತ್ತೆ ಯಾವಾಗ?

ಒಂದು ವರ್ಷ ಬಿಟ್ಟು, ಅದೇ ತಿಂಗಳಲ್ಲಿ, ಅದೇ ಜಾಗಗಳಲ್ಲಿ. ಮೊದಲ ಸಲ ಮೇ ತಿಂಗಳ ಧೂಳಿನಲ್ಲಿ ತೆಗೆದು, ಎರಡನೇ ಸಲ ಅಕ್ಟೋಬರ್‌ನ ಹಸಿರಿನಲ್ಲಿ ತೆಗೆದರೆ ಮೇವಿನ ಅಂಕಿ ತಾನಾಗಿಯೇ ಇಳಿದಿರುತ್ತದೆ. ಮಾದರಿ ತೆಗೆದ ಜಾಗವನ್ನು ಮೊಬೈಲ್ ಮ್ಯಾಪಿನಲ್ಲಿ ಗುರುತು ಹಾಕಿಟ್ಟುಕೊಳ್ಳಿ. ಚೀಟಿಯನ್ನು ಪೆನ್ಸಿಲ್‌ನಲ್ಲಿ ಬರೆಯಿರಿ, ಪೆನ್ನಿನ ಶಾಯಿ ಹಸಿ ಮಣ್ಣಿಗೆ ಅಳಿಸಿಹೋಗುತ್ತದೆ.